ತೂಗಿದ್ದು ಗಾಳಿಯೋ, ಕೈಯೋ

ನಾವು ಮಾರುತ್ತಿದ್ದದ್ದು ಹಗ್ಗದ ಬಲೆ. ಎರಡು ಮರಗಳ ನಡುವೆ ಕಟ್ಟಿಕೊಂಡು ಮಲಗುವಂಥದ್ದು. ಕಾಡು ಸುತ್ತುವವರು, ಹೊಳೆದಂಡೆಯಲ್ಲಿ ಡೇರೆ ಹಾಕುವವರು, ತಾರಸಿಯ ಮೇಲೆ ಕುಂಡಗಳನ್ನಿಟ್ಟುಕೊಂಡು ಅದನ್ನೇ ತೋಟ ಎಂದುಕೊಳ್ಳುವವರು ಫೋನಿನಲ್ಲೇ ನೋಡಿ ಫೋನಿನಲ್ಲೇ ಕೊಳ್ಳುತ್ತಿದ್ದರು. ಹೆಣೆಯುತ್ತಿದ್ದವಳು ಆತಗೂರಿನ ಹತ್ತಿರದ ಹಳ್ಳಿಯಲ್ಲಿರುವ ನನ್ನ ಅಕ್ಕ. ಗಿರಾಕಿಗಳಿಗೆ ಉತ್ತರ ಕೊಡುತ್ತಿದ್ದವಳು ಪೂರಿಗಾಲಿಗೆ ಮದುವೆಯಾಗಿ ಹೋಗಿರುವ ಅಕ್ಕನ ಮಗಳು. ಫೋಟೊ ತೆಗೆಯುವುದು, ಅದರ ಕೆಳಗೆ ನಾಲ್ಕು ಸಾಲು ಬರೆಯುವುದು, ಕಟ್ಟುಗಳನ್ನು ಬೈಕಿಗೆ ಬಿಗಿದು ಮದ್ದೂರಿನ ಕೊರಿಯರ್ ಅಂಗಡಿಗೆ ಮುಟ್ಟಿಸುವುದು ನನ್ನ ಕೆಲಸ. ಆ ವ್ಯಾಪಾರ ಈಗಿಲ್ಲ. ನಷ್ಟವಾಗಿ ನಿಂತದ್ದಲ್ಲ. ಚೆನ್ನಾಗಿ ನಡೆಯುತ್ತಿದ್ದಾಗಲೇ ಅಕ್ಕ ಹೆಣೆಯುವುದನ್ನು ಬಿಟ್ಟಳು.

ಶುರುವಾದದ್ದು ಹೇಗೆ ಎಂದು ಯಾರಾದರೂ ಕೇಳಿದರೆ ಮುತ್ತತ್ತಿಯ ಕಥೆ ಹೇಳುತ್ತೇನೆ. ಗೆಳೆಯರ ಜೊತೆ ಹೋಗಿದ್ದೆ, ಬೆಂಗಳೂರಿನಿಂದ ಬಂದ ಒಬ್ಬ ಹೊಳೆ ಪಕ್ಕದ ಮರಗಳಿಗೆ ನೈಲಾನ್ ಬಟ್ಟೆಯ ಜೋಲಿ ಕಟ್ಟಿ ಮಲಗಿದ್ದ, ಬಟ್ಟೆ ಪರ್ರೆಂದು ಹರಿದು ಅವನು ಮರಳಿಗೆ ಬಿದ್ದ, ಎಲ್ಲರೂ ನಕ್ಕರು, ನನಗೆ ಮಾತ್ರ ಅಕ್ಕ ಹೆಣೆಯುವ ನೆಲವು ನೆನಪಾಯಿತು. ಹಾಲು ಮೊಸರಿನ ಗಡಿಗೆಗಳನ್ನು ಬೆಕ್ಕಿಗೆ ಎಟುಕದಂತೆ ಸೂರಿನಿಂದ ತೂಗುಹಾಕುವ ಹಗ್ಗದ ಬಲೆಯೇ ನೆಲವು. ಅಪ್ಪ ಹೆಣೆಯುವಾಗ ಪಕ್ಕದಲ್ಲಿ ಕೂತು ಕಲಿತವಳು ಅಕ್ಕ. ಅವಳ ಗಂಟು ಜಾರಿದ್ದನ್ನು ನಾನು ನೋಡಿಲ್ಲ.

ಈ ಕಥೆ ಹೇಳಿ ಹೇಳಿ ನುಣುಪಾಗಿದೆ. ನುಣುಪಾದ ನೆನಪುಗಳನ್ನು ನಾನು ನಂಬುವುದಿಲ್ಲ. ಜೋಲಿ ಹರಿದದ್ದನ್ನು ನಾನೇ ಕಂಡೆನೋ, ಗೆಳೆಯರು ಹೇಳಿದ್ದನ್ನು ಕೇಳಿದೆನೋ ಈಗ ಗೊತ್ತಾಗುವುದಿಲ್ಲ. ಸೊಸೆ, ಅಂದರೆ ಅಕ್ಕನ ಮಗಳು, ಬಲೆ ಮಾರುವ ಯೋಚನೆ ತನ್ನದು ಎನ್ನುತ್ತಾಳೆ. ಇರಬಹುದು. ಮೈಸೂರಿನಲ್ಲಿ ನಾನು ಓದಿದ್ದು ತತ್ವಶಾಸ್ತ್ರ. ಆಮೇಲೆ ಸಂಶೋಧನೆಗೆ ಸೇರಿ ಅರ್ಧಕ್ಕೆ ಬಿಟ್ಟೆ. ಅಣಬೆ ಬೆಳೆದು ಬಿಟ್ಟೆ, ಬ್ಯಾಂಕ್ ಪರೀಕ್ಷೆಗೆ ಓದಿ ಬಿಟ್ಟೆ. ಭಾರತೀನಗರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿ ನಿಂತಿದ್ದೆ, ಕೂತಿರಲಿಲ್ಲ. ಎಲ್ಲವನ್ನೂ ಅನುಮಾನಿಸುವುದು ಓದಿನಿಂದ ಬಂದದ್ದು. ಯಾವುದರಲ್ಲೂ ನಿಲ್ಲದಿರುವುದು ಹುಟ್ಟಿನಿಂದಲೇ ಬಂದದ್ದಿರಬೇಕು.

ಮೊದಲ ಬಲೆಯನ್ನು ಅಕ್ಕ ಹತ್ತಿಯ ಹಗ್ಗದಲ್ಲಿ ಹೆಣೆದಳು. ಅವರ ಕಬ್ಬಿನ ಗದ್ದೆಯ ಬದುವಿನಲ್ಲಿ ಒಂದು ತೆಂಗಿನ ಮರವೂ ಒಂದು ಹೊಂಗೆಯ ಮರವೂ ಹದವಾದ ದೂರದಲ್ಲಿವೆ. ಅಲ್ಲಿ ಕಟ್ಟಿದೆವು. ಭಾವ ಹೆಗಲಿನ ಗುದ್ದಲಿಯನ್ನೂ ಇಳಿಸದೆ ನಿಂತು ನೋಡಿದರು.

“ಎತ್ತಿನ ಮೂತಿಗೆ ಆಕೋ ಕುಕ್ಕೆಯ ಮನ್ಸರ ಮೈಗೆ ಎಣ್ದವ್ಳಲ್ಲ ನಿಮ್ಮಕ್ಕ! ಅಲ್ಲ ಕಣ್ಲಾ ಬಾಮೈದ, ಆ ಜನಕ್ಕೆ ಮನೇಲಿ ಮಂಚ ಇಲ್ವಾ?”

“ಅವೆ ಭಾವ. ಮಂಚ ಬುಟ್ಟು ಬಂದು ಮಲಗಕ್ಕೇ ಅವ್ರು ದುಡ್ಡು ಕೊಡೋದು.”

“ನಾನು ಬದೀನಲ್ಲಿ ವಸಿ ಒರಗಿದ್ರೆ ಸೋಂಬೇರಿ ಅಂತೀರಿ. ಅವ್ರು ಒರಗಿದ್ರೆ ಗಿರಾಕಿಯಾ?”

ಅಕ್ಕ ಅಷ್ಟರಲ್ಲಿ ಮನೆಗೆ ಹೋಗಿ ರುಬ್ಬುವ ಕಲ್ಲಿನ ಗುಂಡನ್ನು ಸೊಂಟದ ಮೇಲೆ ಹೊತ್ತು ತಂದಳು. ಸೆರಗಿನಿಂದ ಒರೆಸಿ ಬಲೆಯ ನಡುವೆ ಇಟ್ಟಳು. ಹಗ್ಗ ಬಿಗಿಯಾಯಿತು. ಒಂದು ಕೈಯಿಂದ ಮೆಲ್ಲಗೆ ತೂಗಿದಳು, ಗುಂಡನ್ನು ಎತ್ತಿಕೊಂಡಳು.

“ಭಾರ ನೋಡ್ತಿದ್ದೀಯಾ?” ಎಂದೆ.

“ಊಂ, ಅದೂ ಆಯ್ತದೆ” ಎಂದಳು.

ಆಮೇಲೆ ಪ್ರತಿ ಬಲೆಗೂ ಹೀಗೇ ಮಾಡಿದಳು. ನಾನು ನಮ್ಮ ಪುಟದಲ್ಲಿ “ಪ್ರತಿಯೊಂದನ್ನೂ ಕಲ್ಲಿನ ಭಾರ ಹಾಕಿ ಪರೀಕ್ಷಿಸಲಾಗಿದೆ” ಎಂದು ಬರೆದೆ. ಅದನ್ನು ಓದಿ ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಮಾವ, ಅಮ್ಮ ಮಾಡ್ತಿರೋದು ಟೆಸ್ಟಿಂಗ್ ಅಲ್ಲ. ನಾಮಕರಣ.”

ನನಗೆ ತಿಳಿಯದ್ದೇನಲ್ಲ. ನಮ್ಮಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಮೊದಲು ಗುಂಡುಕಲ್ಲನ್ನು ಮಲಗಿಸಿ ತೂಗುತ್ತಾರೆ. ಗುಂಡಿಗೆ ಕುಲಾವಿ ಹಾಕಿ ಕುಂಕುಮ ಇಡುವವರೂ ಉಂಟು. ಕಲ್ಲು ಎದ್ದ ಮೇಲೆ ಮಗು. ಖಾಲಿ ತೊಟ್ಟಿಲನ್ನು ಮಾತ್ರ ಯಾರೂ ತೂಗುವುದಿಲ್ಲ, ತೂಗಿದರೆ ಮನೆಯ ಮಗುವಿಗೆ ಕೇಡು. ಚಿಕ್ಕಂದಿನಲ್ಲಿ ತೂಗಿ ಅಜ್ಜಿಯಿಂದ ಏಟು ತಿಂದಿದ್ದೆ. ತಿಂದಿದ್ದೆ ಎಂದುಕೊಂಡಿದ್ದೇನೆ. ಅಕ್ಕನನ್ನು ಕೇಳಿದರೆ, ಏಟು ಬಿದ್ದದ್ದು ತನಗೆ, ನಾನು ಪಕ್ಕದಲ್ಲಿ ನಿಂತು ಅಳುತ್ತಿದ್ದೆ ಎನ್ನುತ್ತಾಳೆ.

“ತೊಟ್ಲು ಅಂದ್ರೆ ಮಗೀಗೆ ಕಣಕ್ಕ. ಇದ್ರಲ್ಲಿ ಮಲಗೋರು ಮೀಸೆ ಬಂದೋರು” ಎಂದು ಅವಳನ್ನು ಕೆಣಕಿದೆ.

“ಮೀಸೆ ಬಂದೋರೂ ಯಾರ್ದಾರ ಮಕ್ಳೇ ಕಣ್ಲಾ” ಎಂದಳು. ಅಲ್ಲಿಗೆ ಮುಗಿಯಿತು. ಅವಳ ಕಲ್ಲು ಅವಳಿಗೆ, ನನ್ನ ಪರೀಕ್ಷೆ ನನಗೆ. ಒಂದೇ ಕೆಲಸಕ್ಕೆ ಇಬ್ಬರಿಗೂ ಬೇರೆ ಬೇರೆ ಕಾರಣಗಳಿದ್ದವು. ಯಾರಿಗೂ ತೊಂದರೆ ಇರಲಿಲ್ಲ.

ಅಕ್ಕ ಆ ದಿನಗಳಲ್ಲಿ ಬದಲಾದಳು. ಇದು ನನ್ನ ಕಲ್ಪನೆಯಲ್ಲ, ಭಾವ ಕೂಡ ಹೇಳುತ್ತಾರೆ. ಮಧ್ಯಾಹ್ನದ ಕೆಲಸ ಮುಗಿದ ಮೇಲೆ ಜಗಲಿಯ ಕಂಬಕ್ಕೆ ಹಗ್ಗದ ತುದಿ ಕಟ್ಟಿ ಕೂತರೆ ಪಕ್ಕದ ಮನೆಯ ಹೆಂಗಸರು ನೋಡಲು ಬರುತ್ತಿದ್ದರು. “ಯಾರ್ಗವ್ವಾ ಇದು?” ಎಂದರೆ ಅಕ್ಕ “ಪೂನಾದೋರ್ಗೆ” ಎಂದೋ “ಗೋವಾದಲ್ಲಿ ಒಬ್ಬಮ್ಮ ಅವ್ಳೆ, ಅವ್ಳ್ಗೆ” ಎಂದೋ ಹೇಳುವಾಗ ಆ ಊರುಗಳು ನಾಲೆಯಾಚೆ ಇವೆಯೇನೋ ಎನ್ನುವಂತೆ ಹೇಳುತ್ತಿದ್ದಳು. ಮಲಗಿದವರು ಕಳಿಸಿದ ಫೋಟೊಗಳನ್ನು ಸೊಸೆ ತೋರಿಸಿದರೆ ಮುಖ ನೋಡುವ ಮೊದಲು ಗಂಟು ನೋಡುತ್ತಿದ್ದಳು. “ಎಷ್ಟ್ ಎತ್ರಕ್ಕೆ ಕಟ್ಟವ್ನೆ ನೋಡು, ಪೆದ್ದ.”

ಸೊಸೆ ಬಸುರಿಯಾದದ್ದು ಆಗಲೇ. ಮೊದಲ ತಿಂಗಳುಗಳು. ನಾಲ್ಕು ದಿನ ಇದ್ದು ಹೋಗಲು ತವರಿಗೆ ಬಂದಿದ್ದಳು. ಸಪ್ಪೆ ಅನ್ನ ಬಿಟ್ಟು ಬೇರೇನೂ ಸೇರುತ್ತಿರಲಿಲ್ಲ, ಆದರೂ ಗಿರಾಕಿಗಳಿಗೆ ಉತ್ತರ ಕೊಡುವುದನ್ನು ಬಿಟ್ಟಿರಲಿಲ್ಲ. ಕಬ್ಬು ಸೂಲಂಗಿ ಬಿಟ್ಟಿತ್ತು. ಗದ್ದೆಯ ಮೇಲೆಲ್ಲ ಬೆಳ್ಳಗೆ ತುರಾಯಿಗಳು. ಇಳಿಬಿಸಿಲು ಅವುಗಳ ಹಿಂದಿನಿಂದ ಬರುತ್ತಿತ್ತು. ಇದನ್ನು ವಿಡಿಯೊ ಮಾಡಬೇಕು ಎಂದು ನನಗನಿಸಿತು. ಹೊಸ ಬಲೆಯನ್ನು ಅದೇ ಎರಡು ಮರಗಳಿಗೆ ಕಟ್ಟಿದೆವು. ಅಕ್ಕ ಗುಂಡು ಇಟ್ಟು ತೂಗಿ ತೆಗೆದಳು. ನಾನು ಫೋನ್ ಹಿಡಿದೆ.

ಬಲೆ ಸುಮ್ಮನೆ ತೂಗುಬಿದ್ದಿತ್ತು. “ವಸಿ ಅಳ್ಳಾಡ್ಲಿ, ಸತ್ತಂಗೈತೆ” ಎಂದು ಯಾರೋ ಹೇಳಿದರು. ನನ್ನ ನೆನಪಿನಲ್ಲಿ ಅದು ಸೊಸೆಯ ದನಿ. ಅವಳು, ಅಂದದ್ದು ನೀವೇ ಮಾವ ಎನ್ನುತ್ತಾಳೆ. ಆಮೇಲೆ ಬಲೆ ತೂಗಿತು. ಖಾಲಿ ಬಲೆ ಹೋಗುತ್ತದೆ, ಬರುತ್ತದೆ, ಅದರ ಕಣ್ಣುಗಳ ನಡುವೆ ಸೂರ್ಯ ಸಿಕ್ಕಿ ಬಿಟ್ಟು ಮಾಡುತ್ತಾನೆ, ಹಿಂದೆ ಸೂಲಂಗಿಗಳು ಬಾಗುತ್ತವೆ. ಅಷ್ಟೇ. ಎಡ ಅಂಚಿನಲ್ಲಿ ಶುರುವಿನಲ್ಲೇ ಒಂದು ಹಸಿರು ಮಿಂಚಿ ಮರೆಯಾಗುತ್ತದೆ. ಕಬ್ಬಿನ ಗರಿಯೋ, ಅಕ್ಕನ ಗಾಜಿನ ಬಳೆಯೋ. ಆಗ ಆ ಪ್ರಶ್ನೆಯನ್ನು ಯಾರೂ ಕೇಳಿಕೊಳ್ಳಲಿಲ್ಲ.

ಆ ವಿಡಿಯೊ ನಮ್ಮ ಕೈ ಮೀರಿ ಓಡಾಡಿತು. ಎಲ್ಲೆಲ್ಲಿಯವರೋ ನೋಡಿದರು. ಅಕ್ಕ ಬೆಳಿಗ್ಗೆ ಕೂಡ ಹೆಣೆಯಲು ಕೂತಳು. ಹಗ್ಗ ಸಾಲದೆ ನಾನು ಮಳವಳ್ಳಿಯ ಅಂಗಡಿಗೆ ಓಡಿದೆ. ಕೊರಿಯರ್ ಅಂಗಡಿಯವನು “ಏನ್ ಮೇಷ್ಟ್ರೇ, ದೇಶಾನೆಲ್ಲ ಮಲಗಿಸ್ಬುಡ್ತೀರಾ?” ಎಂದ. ನನಗೆ ಜೀವನದಲ್ಲಿ ಮೊದಲ ಸಲ ಒಂದು ಕೆಲಸವನ್ನು ಬಿಡಬೇಕು ಅನಿಸಿರಲಿಲ್ಲ.

ಆಮೇಲೆ ಸೊಸೆಗೆ ಬಸಿರು ನಿಲ್ಲಲಿಲ್ಲ.

ಮಂಡ್ಯದ ಆಸ್ಪತ್ರೆಯಲ್ಲಿ ವೈದ್ಯೆ ನಮ್ಮೆಲ್ಲರನ್ನೂ ಕೂರಿಸಿ ಹೇಳಿದರು. ಮೊದಲ ಬಸಿರಿನಲ್ಲಿ ಹೀಗಾಗುವುದು ಅಪರೂಪವೇನಲ್ಲ, ಯಾರೂ ಏನೂ ಮಾಡಿದ್ದಕ್ಕೆ ಆದದ್ದಲ್ಲ. ಅಕ್ಕ ತಲೆಯಾಡಿಸಿದಳು. ಸೊಸೆ ಕೆಲವು ವಾರಗಳಲ್ಲಿ ಎದ್ದು ಓಡಾಡಿದಳು, ಮತ್ತೆ ಫೋನ್ ಹಿಡಿದು ಗಿರಾಕಿಗಳ ಜೊತೆ ಜಗಳಕ್ಕೂ ನಿಂತಳು. ಅಕ್ಕ ಮಾತ್ರ ನಿಧಾನವಾದಳು. ಬೆರಳು ನೋವು ಎಂದಳು. ಆಮೇಲೆ ಕಣ್ಣು ಮಂಜು ಎಂದಳು. ನಾನು ತಂದ ಹಗ್ಗದ ಉಂಡೆಗಳು ಜಗಲಿಯ ಮೂಲೆಯಲ್ಲಿ ಕಟ್ಟು ಬಿಚ್ಚದೆ ಕೂತಿದ್ದವು. ಯಾರೂ ಖಾಲಿ ತೊಟ್ಟಿಲ ಮಾತೆತ್ತಲಿಲ್ಲ. ಎತ್ತಿದ್ದರೆ ನಾನು ವಾದಿಸುತ್ತಿದ್ದೆ. ವಾದಿಸಲು ನನಗೆ ಬರುತ್ತದೆ. ಸುಮ್ಮನಿರುವವರ ಎದುರು ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

ಹಾಗಾಗಿ ನಾನು ಆ ವಿಡಿಯೊವನ್ನು ಅಳಿಸಿದೆ. ಪುಟದಿಂದ ತೆಗೆದೆ, ನನ್ನ ಫೋನಿನಿಂದಲೂ ತೆಗೆದೆ, ಮೂಲೆಯಲ್ಲೆಲ್ಲೂ ಉಳಿಯದಂತೆ ತೆಗೆದೆ. ಅಕ್ಕ ಅದನ್ನು ಮತ್ತೆ ಎಲ್ಲಾದರೂ ನೋಡಿ ನೋಯಬಾರದು ಎಂಬುದಷ್ಟೇ ನನ್ನ ತಲೆಯಲ್ಲಿದ್ದದ್ದು. ಹಾಗೆಂದು ಇವತ್ತು ನೆನಪಿಸಿಕೊಳ್ಳುತ್ತೇನೆ. ಏನಾದರೂ ಮಾಡದೆ ಕೂರಲಾರದ ನನ್ನ ಚಡಪಡಿಕೆಯೂ ಅದರಲ್ಲಿ ಇತ್ತೇನೋ. ಮರುದಿನ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅಕ್ಕನ ಪಕ್ಕದಲ್ಲಿ ಕೂತು ಹೇಳಿದೆ.

“ಆ ವಿಡಿಯೊ ತೆಗ್ದುಬುಟ್ಟೆ ಕಣಕ್ಕ.”

“ಯಾಕ್ಲಾ?”

“ಸುಮ್ನೆ. ನಿಂಗೆ ಬೇಜಾರಾಗ್ಬಾರ್ದು ಅಂತ.”

ಅವಳ ಕೈ ನಿಂತಿತು. ಬಿಡಿಸಿದ ಕಾಳುಗಳನ್ನು ಮೊರದ ಒಂದು ಕಡೆಗೆ ಸರಿಸಿದಳು.

“ಅಟ್ಟೀಲಿ ಎಲ್ರೂ ಅದ್ನೇ ಅಂದ್ಕೊತಾವ್ರೆ, ನಂಗೊತ್ತು. ನಾನೂ ಅಂದ್ಕಂಡೆ. ಆದ್ರೂ ನೀನೊಬ್ಬ ಇದ್ದೀಯಲ್ಲ ಅಂತಿತ್ತು. ಎಲ್ಲಾನೂ ಸುಳ್ಳು ಅನ್ನೋನು. ಊರ್ ಜನುಕ್ಕೆಲ್ಲ ಬುದ್ಧಿ ಇಲ್ಲ ಅಂತ ಬೈಕೊಂಡ್ ತಿರುಗೋನು. ನೀನೂ ನಂಬುದ್ಮ್ಯಾಲೆ ಇನ್ನೇನದೆ?”

“ನಾನೆಲ್ಲಿ ನಂಬ್ದೆ? ಅದುಕ್ಕೂ ಇದುಕ್ಕೂ ಏನೂ ಸಂಬಂಧ ಇಲ್ಲ ಕಣಕ್ಕ. ಡಾಕ್ಟ್ರಮ್ಮ ಯೋಳ್ಲಿಲ್ವಾ?”

“ಅಳ್ಸೋಕ್ ಮುಂಚೆ ಯೋಳ್ಬೇಕಿತ್ತು ಅದ್ನ.”

ನಾನು ಯೋಳಿದೆ, ಅಂದರೆ ಹೇಳುತ್ತಲೇ ಹೋದೆ. ಒಂದಾದ ಮೇಲೆ ಇನ್ನೊಂದು ಆಯಿತು ಎಂಬುದಕ್ಕೆ ಒಂದರಿಂದ ಇನ್ನೊಂದು ಆಯಿತು ಎಂದು ಅರ್ಥವಲ್ಲ, ಎಷ್ಟೋ ಮನೆಗಳಲ್ಲಿ ಖಾಲಿ ತೊಟ್ಟಿಲು ತೂಗಿರುತ್ತಾರೆ, ಎಲ್ಲ ಹೇಳಿದೆ. ತರಗತಿಯಲ್ಲಿ ಹೇಳುವ ಮಾತುಗಳೇ. ಅವಳು ಪೂರ್ತಿ ಕೇಳಿಸಿಕೊಂಡು, “ಸರಿ ಬುಡು, ಕಾಪಿ ಕುಡೀತೀಯಾ?” ಎಂದಳು.

ನಾನು ಏಳುವಾಗ ಅವಳು ಕೇಳಿದ ಇನ್ನೊಂದು ಮಾತು ಇದೆ. “ಅವತ್ತು ತೂಗಿದ್ದು ನಾನೇ ತಾನೆ?”

“ಗಾಳಿ ಅನ್ಸುತ್ತೆ” ಎಂದೆ.

ಆ “ಅನ್ಸುತ್ತೆ”ಯನ್ನು ನಾನು ಎಲ್ಲ ಮಾತಿಗೂ ಹಚ್ಚುತ್ತೇನೆ. ಪ್ರಾಮಾಣಿಕತೆ ಎಂದುಕೊಂಡಿದ್ದೆ. ನಿಜಕ್ಕೂ ನನಗೆ ಗೊತ್ತಿರಲಿಲ್ಲ. ನನ್ನ ನೆನಪಿನಲ್ಲಿ ಸೂಲಂಗಿಗಳು ಬಾಗುತ್ತಿವೆ, ಹಾಗಿದ್ದರೆ ಗಾಳಿಯಿತ್ತು. ಆದರೆ ಆ ಹಸಿರು ಕೂಡ ಇದೆ. ನೋಡಿ ಹೇಳಲು ಇದ್ದ ಒಂದೇ ಸಾಕ್ಷಿಯನ್ನು ನಾನು ಹಿಂದಿನ ದಿನವಷ್ಟೇ ಇಲ್ಲವಾಗಿಸಿದ್ದೆ. ಎಷ್ಟೋ ಜನ ಅದನ್ನು ಹಂಚಿಕೊಂಡಿದ್ದರಲ್ಲ ಎಂದು ಆಮೇಲೆ ಹುಡುಕಿದೆ. ಮೂಲದಿಂದ ತೆಗೆದ ಮೇಲೆ ಅವರ ಬಳಿಯೂ ಬರೀ ಬೂದು ಚೌಕ.

ಸೊಸೆ ಫೋನ್ ಮಾಡಿ ಸಿಟ್ಟಿನಿಂದ ಕೇಳಿದಳು. “ಯಾರುನ್ ಕೇಳಿ ತೆಗುದ್ರಿ ಮಾವ? ಅದು ನನ್ಗೆ ಎಷ್ಟ್ ಇಷ್ಟ ಇತ್ತು ಗೊತ್ತಾ? ಅಮ್ಮುನ್ನ ಕೂರ್ಸ್ಕೊಂಡು ನೋಡಮ್ಮ, ಗಾಳಿ ಇದು, ನಿನ್ ಕೈ ಎಲ್ಲೈತೆ ಅಂತ ತೋರ್ಸ್‌ಬೋದಿತ್ತು. ಈಗ ಅಮ್ಮ ನನ್ ಮುಖ ನೋಡಲ್ಲ.”

“ಕೈ ಕಂಡಿದ್ರೆ?”

“ಕಂಡಿದ್ರೆ ಕಾಣ್ಲಿ. ಅಳ್ಳಾಡ್ಸು ಅಂದಿದ್ದು ನಾವು ತಾನೆ?”

ಅವತ್ತು ಮಾತ್ರ ಅವಳು “ನಾವು” ಎಂದಳು. ಆಮೇಲೆ ಮತ್ತೆ ನನ್ನದೇ ಮಾತು ಎಂದು ಬದಲಾಯಿಸಿದಳು. ಇರಲಿ.

ಬಂದಿದ್ದ ಬೇಡಿಕೆಗಳಿಗೆ ಕ್ಷಮೆ ಕೇಳಿ ಉತ್ತರ ಬರೆದೆವು. ಬೇರೆ ಯಾರನ್ನಾದರೂ ಕೂರಿಸಿ ಹೆಣೆಸಬಹುದಿತ್ತು, ಭಾವ ಹೆಣೆಯಬಲ್ಲ ಇಬ್ಬರ ಹೆಸರನ್ನೂ ಹೇಳಿದರು. ನನಗೆ ಮನಸ್ಸು ಬರಲಿಲ್ಲ. ಪುಟ ಹಾಗೇ ಉಳಿದು, ಆಮೇಲೆ ಸೊಸೆಯೇ ಮುಚ್ಚಿದಳು. ಅಷ್ಟಕ್ಕೇ ಮುಗಿದಿದ್ದರೆ ಇನ್ನೊಂದು ಬಿಟ್ಟ ಕೆಲಸ ಎಂದುಕೊಂಡು ನಾನು ಮರೆಯುತ್ತಿದ್ದೆ.

ಸೊಸೆ ಮತ್ತೆ ಬಸುರಿಯಾದಳು. ನಮ್ಮ ಕಡೆ ಚೊಚ್ಚಲ ಬಾಣಂತನ ತವರಿನದು. ತಾಯಂದಿರು ಮಗಳನ್ನು ಕರೆತಂದು ನೀರು ಹಾಕಿ, ಬಾಣಂತಿ ಕಾರ ಕೊಟ್ಟು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುವುದಕ್ಕಾಗಿಯೇ ಹೆಣ್ಣು ಹೆತ್ತದ್ದು ಎನ್ನುವಂತೆ ಇರುತ್ತಾರೆ. ಅಕ್ಕ ಕರೆತರಲಿಲ್ಲ. ಮಂಡಿ ನೋವು, ಎಮ್ಮೆ ಈಯುವ ಕಾಲ, ಬಚ್ಚಲಮನೆ ಸರಿಯಿಲ್ಲ. “ನಿಮ್ಮತ್ತೆ ಒಳ್ಳೇವ್ರು, ಅಲ್ಲೇ ಇರು ಕಣವ್ವ” ಎಂದು ಮಗಳಿಗೆ ಹೇಳಿದಳಂತೆ. ಊರವರು ಆಡಿಕೊಂಡರು. ಭಾವ ನನ್ನ ಬಳಿ ಬಂದು, “ಯೋಳಿ ಯೋಳಿ ನನ್ ನಾಲ್ಗೆ ಸವೀತು. ನೀನಾರ ಯೋಳ್ಲಾ, ಓದಿದ್ದೀಯ” ಎಂದರು. ಏನು ಹೇಳಲಿ? ನಾನು ಹೇಳಬಹುದಾದ ಒಂದೇ ಮಾತು ಗಾಳಿ ಎಂಬುದು. ಅದನ್ನು ನಾನು ಈಗಾಗಲೇ “ಅನ್ಸುತ್ತೆ” ಎಂಬ ಬಾಲ ಹಚ್ಚಿ ಕೆಡಿಸಿದ್ದೆ.

ಹೆರಿಗೆ ಸುಸೂತ್ರವಾಯಿತು, ಹೆಣ್ಣು ಮಗು. ತೊಟ್ಟಿಲಿಗೆ ಹಾಕುವ ಶಾಸ್ತ್ರ ಪೂರಿಗಾಲಿಯಲ್ಲೇ ಇಟ್ಟುಕೊಂಡರು. ಭಾವ ಹಿಂದಿನ ದಿನವೇ ಹೋಗಿದ್ದರು. ಅಕ್ಕ ಮದ್ದೂರಿನಿಂದ ಬಂದ ಮಳವಳ್ಳಿ ಬಸ್ಸಿನಲ್ಲಿ ನನಗೂ ಸೀಟು ಹಿಡಿದಿದ್ದಳು. ಭಾರತೀನಗರದಲ್ಲಿ ನಾನು ಬಸ್ಸು ಹತ್ತಿ, ಸೀಟಿನ ಮೇಲಿದ್ದ ಅವಳ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಬೆಳ್ಳುಳ್ಳಿಯ ವಾಸನೆ. ಕೊಬ್ಬರಿ, ಬೆಲ್ಲ, ಒಣಶುಂಠಿ, ಮೆಣಸು, ಬಾಣಂತಿಗೆ ಬೇಕಾದ್ದೆಲ್ಲ ಇತ್ತು. ತಾನು ಮಾಡಿ ಬಡಿಸಬೇಕಾದ್ದನ್ನು ಇನ್ನೊಬ್ಬರ ಅಡುಗೆಮನೆಗೆ ಹೊತ್ತು ತರುತ್ತಿದ್ದಳು. ಕಬ್ಬಿನ ಲಾರಿಗಳ ಹಿಂದೆ ಬಸ್ಸು ತೆವಳುತ್ತಿತ್ತು. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಸೂಲಂಗಿ ಬಿಟ್ಟಿತ್ತೋ ಇಲ್ಲವೋ ನನಗೆ ನೆನಪಿಲ್ಲ. ಬಿಟ್ಟಿತ್ತು ಎಂದು ಬರೆದರೆ ಚೆನ್ನಾಗಿರುತ್ತದೆ, ಅದಕ್ಕೇ ಬರೆಯುವುದಿಲ್ಲ.

ಪೂರಿಗಾಲಿಯ ಮನೆಯ ನಡುಮನೆಯಲ್ಲಿ ತೊಟ್ಟಿಲು ಕಟ್ಟಿದ್ದರು. ಮರದ ತೊಟ್ಟಿಲು, ಅವರ ಮನೆಯ ಹಳೆಯದು. ಗುಂಡುಕಲ್ಲಿಗೆ ಹಳದಿ ಕುಲಾವಿ ಹಾಕಿ ಮಣೆಯ ಮೇಲೆ ಇಟ್ಟಿದ್ದರು. ಸೊಸೆ ಮಗುವನ್ನು ಎದೆಗೊತ್ತಿಕೊಂಡು ಕೂತಿದ್ದಳು. ಅವಳ ಅತ್ತೆ ಗಟ್ಟಿ ದನಿಯ, ನಗುಮುಖದ ಹೆಂಗಸು.

“ಬನ್ನಿ ಬೀಗ್ರೆ, ಗುಂಡ ನೀವೇ ಮಡುಗಿ. ಅವ್ವುನ್ ಕಡೆ ಅಜ್ಜಿ ಕೈ ಮೊದ್ಲು ಬೀಳ್ಲಿ.”

“ನೀವೇ ಮಡುಗ್ರವ್ವ, ನಂಗೆ ಮಂಡಿ ನೋವು, ಬಗ್ಗಕಾಗಲ್ಲ.”

“ಮಂಡಿ ನಂದಾ ನಿಮ್ದಾ ನೋಡವಾ ಬನ್ನಿ, ನಾನೂ ಕುಂಟ್ತಾ ಇವ್ನಿ!”

ಎಲ್ಲರೂ ನಕ್ಕರು. ಸೊಸೆ ನಗಲಿಲ್ಲ, ತಾಯಿಯನ್ನೇ ನೋಡುತ್ತಿದ್ದಳು. ಅಕ್ಕ ಹಿಂದೆ ಸರಿದು ಬಾಗಿಲ ಬಳಿ ನಿಂತಿದ್ದ ನನಗೆ ತಗುಲಿದಳು. ತಿರುಗದೆಯೇ, ನನಗೆ ಮಾತ್ರ ಕೇಳುವ ಹಾಗೆ ಕೇಳಿದಳು.

“ಅವತ್ತು ತೂಗಿದ್ದು ನಾನಾ, ಗಾಳಿಯಾ? ನಿಜ ಯೋಳು.”

“ಗಾಳಿ” ಎಂದೆ.

ಅವಳು ತಿರುಗಿ ನನ್ನ ಮುಖ ನೋಡಿದಳು. “ಅವತ್ತು ಒಂದ್ ಗರೀನೂ ಅಳ್ಳಾಡ್ತಿರ್ಲಿಲ್ಲ ಕಣ್ಲಾ. ಅಷ್ಟ್ ವರ್ಸ ಓದ್ದಲ್ಲ ಮೈಸೂರ್ನಲ್ಲಿ, ವಸಿ ಸುಳ್ಳು ಯೋಳೋದ್ನೂ ಕಲ್ಸ್‌ಬಾರ್ದಿತ್ತಾ ನಿಂಗೆ?”

ಬೈದಳೋ ನಕ್ಕಳೋ ತಿಳಿಯಲಿಲ್ಲ. ಆದರೆ ಮುಂದೆ ಹೋದಳು. ಮಣೆಯ ಮೇಲಿನ ಗುಂಡನ್ನು ಎತ್ತಿದಳು, ಕುಲಾವಿ ಸರಿಮಾಡಿದಳು, ತೊಟ್ಟಿಲಿನೊಳಗೆ ತಲೆಯ ದಿಕ್ಕು ನೋಡಿ ಮಲಗಿಸಿದಳು. ಸೊಸೆಯ ಕಣ್ಣು ತುಂಬಿತು. ಹೆಂಗಸರು ಹಾಡು ತೆಗೆದರು. “ತೂಗಿ ಬೀಗ್ರೆ” ಎಂದು ಅತ್ತೆ ಎರಡು ಸಲ ಅಂದರು.

ಗಾಳಿ ಇತ್ತೋ ಇಲ್ಲವೋ ಎಂಬುದನ್ನು ನಾನು ಈಗಲೂ ಯೋಚಿಸುತ್ತೇನೆ. ಒಂದು ಸಲ ಗರಿಗಳು ಅಲ್ಲಾಡುತ್ತವೆ, ಒಂದು ಸಲ ಇಲ್ಲ. ಅಕ್ಕನ ಮಾತು ಕೇಳಿದ ಮೇಲೆ ನನ್ನ ನೆನಪಿನ ಸೂಲಂಗಿಗಳೂ ನಿಧಾನವಾಗಿ ನಿಂತುಬಿಡುತ್ತಿವೆ. ಮೊದಲ ಸಲ ಕೇಳಿದಾಗಲೇ, ಆ ಜಗಲಿಯಲ್ಲೇ, “ಗಾಳಿ” ಎಂದು ಒಂದೇ ಪದದಲ್ಲಿ ಹೇಳಿದ್ದರೆ ಅವಳು ನಂಬುತ್ತಿದ್ದಳೇನೋ. ಆಗ ಅವಳಿಗೆ ನಂಬುವ ಆಸೆ ಇತ್ತು.

ಪೂರಿಗಾಲಿಯಲ್ಲಿ ತೊಟ್ಟಿಲು ತೂಗಿದ್ದು ಸೊಸೆಯ ಅತ್ತೆ. ಅಕ್ಕನ ಎರಡೂ ಕೈಗಳು ಸೆರಗಿನೊಳಗಿದ್ದವು, ಕಲ್ಲು ಎದ್ದು ಮಗು ಮಲಗಿದ ಮೇಲೂ ಹೊರಗೆ ಬರಲಿಲ್ಲ. ಇದೊಂದನ್ನು ಮಾತ್ರ ನಾನು ಹತ್ತಿರದಿಂದ, ಸರಿಯಾಗಿ ನೋಡಿದ್ದೇನೆ.